ಖಾಲಿ ಡಬ್ಬಿಗಳ ಕಾಡು

ಹಗೆಯೆಂಬುದು ಮನುಷ್ಯನನ್ನು ಒಳಗಿನಿಂದ ಸುಟ್ಟು ಬೂದಿ ಮಾಡುತ್ತದೆ, ಸೇಡನ್ನು ಮನಸ್ಸಿನಲ್ಲಿ ಇಟ್ಟುಕೊಂಡವನಿಗೆ ಅನ್ನ ರುಚಿಸದು, ನಿದ್ದೆ ಹತ್ತದು ಎಂದು ತಿಳಿದವರು ಹೇಳುತ್ತಾರೆ. ನಾನು ಸುಮಾರು ನಾಲ್ಕು ವರ್ಷ ಒಬ್ಬ ಮನುಷ್ಯನ ಮೇಲೆ ಸೇಡು ಇಟ್ಟುಕೊಂಡಿದ್ದೆ. ಆ ನಾಲ್ಕು ವರ್ಷಗಳಲ್ಲಿ ನನಗೆ ಹೊಟ್ಟೆ ಬಂತು, ಮಧ್ಯಾಹ್ನದ ನಿದ್ದೆಯೂ ರೂಢಿಯಾಯಿತು. ತಿಳಿದವರು ಯಾರ ಅನುಭವದ ಮೇಲೆ ಆ ಮಾತು ಹೇಳಿದರೋ ನನಗೆ ಗೊತ್ತಿಲ್ಲ.

ಆ ಮನುಷ್ಯ ಬೇರೆ ಯಾರೂ ಅಲ್ಲ, ನಮ್ಮ ಅರಣ್ಯ ಇಲಾಖೆಯ ರೇಂಜ್ ಸಾಹೇಬರು. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಾನು ಅವರ ಕೈಕೆಳಗೆ ಫಾರೆಸ್ಟರ್ ಆಗಿದ್ದೆ. ಕಪ್ಪತಗುಡ್ಡದ ಸಾಲಿನಲ್ಲಿ ಡೋಣಿ ಎಂಬ ಊರಿನ ಮೇಲಿನ ಗುಡ್ಡಗಳು ನನ್ನ ಪಾಲಿಗೆ ಬಂದಿದ್ದವು. ಕಾಡೆಂದರೆ ಕತ್ತಲು ಕವಿದ ಹಸಿರು ಎಂದು ತಿಳಿದವರು ಕಪ್ಪತಗುಡ್ಡ ನೋಡಿದರೆ ಕಾಡೆಲ್ಲಿ ಎಂದು ಕೇಳುತ್ತಾರೆ. ಕೆಂಪು ಕಲ್ಲು, ಸೊಂಟದೆತ್ತರದ ಬಂದರಿಕೆ, ಕಾರೆಮುಳ್ಳು. ಹಳ್ಳದ ಎರಡೂ ದಂಡೆಗೆ ಮಾತ್ರ ದಿಂಡಲ, ಕಗ್ಗಲಿ, ಬೇವು ಒತ್ತಾಗಿ ನಿಂತಿರುತ್ತವೆ. ಉಳಿದದ್ದೆಲ್ಲ ಗಾಳಿ. ಆ ಗಾಳಿಯಲ್ಲಿ ಟೋಪಿ ಹಾಕಿಕೊಂಡು ಗುಡ್ಡ ಹತ್ತಿದವನು ಟೋಪಿ ಇಲ್ಲದೆ ಇಳಿಯುತ್ತಾನೆ. ಇದು ನಮ್ಮ ಇಲಾಖೆಯಲ್ಲಿ ಹೊಸಬರಿಗೆ ಮೊದಲ ಪಾಠ.

ಅಲ್ಲಿನ ಒಂದು ಇಳಿಜಾರಿನ ಮೇಲೆ ಇಲಾಖೆ ಸಸಿ ನೆಡಿಸಿತ್ತು. ಕುಣಿ ತೋಡಿದ್ದು ಖರೆ, ಸಸಿ ಇಟ್ಟದ್ದೂ ಖರೆ. ಆಮೇಲೆ ಗಾಳಿ ಬಂತು, ಆಡು ಬಂದವು, ಕುಣಿಗಳು ಉಳಿದವು. ಸಾಹೇಬರ ವರದಿಯಲ್ಲಿ ಮಾತ್ರ ಆ ಸಸಿಗಳು ಯಾರ ಹಂಗೂ ಇಲ್ಲದೆ ಬೆಳೆದವು. ಮೊದಲ ವರ್ಷ ಮೊಣಕಾಲೆತ್ತರ, ಎರಡನೆಯ ವರ್ಷ ಎದೆಯೆತ್ತರ, ಮೂರನೆಯ ವರ್ಷಕ್ಕೆ ಆನೆ ಹೊಕ್ಕರೂ ಕಾಣದಷ್ಟು ಎತ್ತರ. ನಮ್ಮ ಸೀಮೆಯಲ್ಲಿ ಕಾಗದದಷ್ಟು ಫಲವತ್ತಾದ ಮಣ್ಣು ಇನ್ನೊಂದಿಲ್ಲ.

ಹೀಗಿರುವಾಗ ಧಾರವಾಡದ ದೊಡ್ಡ ಸಾಹೇಬರಿಂದ ಒಂದು ಆದೇಶ ಬಂತು: ನೆಟ್ಟದ್ದರಲ್ಲಿ ಬದುಕಿರುವುದೆಷ್ಟು, ಎಣಿಸಿ ಕಳಿಸಿರಿ. ಎಣಿಸುವ ಕೆಲಸ ನನಗೆ ಬಿತ್ತು. ಕಾಡು ಕಾಯುವ ಡೋಣಿಯ ಮುದುಕ ವಾಚರನನ್ನು ಕರೆದುಕೊಂಡು ಒಂಬತ್ತು ದಿನ ಗುಡ್ಡ ಹತ್ತಿದೆ, ಇಳಿದೆ. ಜೀವಂತ ಗಿಡ ಕಂಡಲ್ಲೆಲ್ಲ ಪಕ್ಕದ ಕಲ್ಲಿನ ಮೇಲೆ ಕೆಂಪು ಬಣ್ಣದಿಂದ ನಂಬರು ಬರೆದೆ. ಒಂದು ಜೋಡಿ ಚಪ್ಪಲಿ ಅಲ್ಲಿಯೇ ತೀರಿಕೊಂಡವು. ಕೊನೆಯ ನಂಬರು ನಲವತ್ತೊಂದು. ಅದನ್ನೇ ಬರೆದುಕೊಟ್ಟೆ.

ಸಾಹೇಬರು ಕರೆಸಿದರು. ಬಹಳ ಮಮತೆಯಿಂದ, ನಲವತ್ತೊಂದರ ಮುಂದೆ ಸೊನ್ನೆಗಳು ಬಿಟ್ಟುಹೋಗಿರಬೇಕು, ಮತ್ತೊಮ್ಮೆ ನೋಡು ಎಂದರು. ನೋಡಿದೆ, ಬಿಟ್ಟಿಲ್ಲ ಎಂದೆ. ಕೇಳಿದ್ದಕ್ಕೆ ಉತ್ತರ ಕೊಡುವುದು ಬೇರೆ, ಕೇಳದ್ದನ್ನು ಹೇಳುವುದು ಬೇರೆ, ಮೇಲಿನವರು ಕೇಳದ್ದನ್ನು ಕೆಳಗಿನವನು ಹೇಳಬಾರದು ಎಂದು ಅವರು ಉಪದೇಶಿಸಿದರು. ದೊಡ್ಡ ಸಾಹೇಬರು ಕೇಳಿದ್ದೇ ಅದನ್ನಲ್ಲವೇ ಎಂದೆ. ಅಲ್ಲಿಗೆ ಮಮತೆ ಮುಗಿಯಿತು.

ಹದಿನೈದು ದಿನಕ್ಕೆ ನನ್ನ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಷರಾ ಬಿತ್ತು: "ಎಣಿಕೆ ಬಾರದು. ಗುಡ್ಡ ಹತ್ತದೆ ಕುಳಿತಲ್ಲಿಯೇ ಸಂಖ್ಯೆ ಬರೆಯುವ ಸ್ವಭಾವ." ನನ್ನ ಎಣಿಕೆ ಕಸದ ಬುಟ್ಟಿಗೆ ಹೋಯಿತು, ಸಾಹೇಬರದು ಧಾರವಾಡಕ್ಕೆ ಹೋಯಿತು, ನಾನು ಗದಗದ ಉಗ್ರಾಣಕ್ಕೆ ಹೋದೆ.

ಸೇವಾ ಪುಸ್ತಕದಲ್ಲಿ ಷರಾ ಬಿದ್ದವನಿಗೆ ಬಡ್ತಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ನನಗೆ ಚುಚ್ಚಿದ್ದು ಬಡ್ತಿಯಲ್ಲ. ನಮ್ಮ ಅಪ್ಪ ಶಿರಹಟ್ಟಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರರು. ಷರಾದ ಖಬರ ಅವರಿಗೆ ಮುಟ್ಟಿತು. ನಾನು ಊರಿಗೆ ಹೋದಾಗ ಅವರು ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಹತ್ತೊಂಬತ್ತರ ಮಗ್ಗಿ ಅಂದು ತೋರ್ಸು" ಎಂದರು. ನನಗೆ ಆಗ ಮೂವತ್ತೈದು ವರ್ಷ, ಎರಡು ಮಕ್ಕಳು. ಎದ್ದು ನಿಂತು ಅಂದು ತೋರಿಸಿದೆ.

ನನ್ನ ಹೆಂಡತಿಯ ತವರು ಲಕ್ಷ್ಮೇಶ್ವರ. ಅಲ್ಲಿ ಒಂದು ಮದುವೆಯಲ್ಲಿ ಊಟದ ಎಲೆ ಎಣಿಸಿಡುವ ಕೆಲಸವನ್ನು ನನಗೆ ಕೊಟ್ಟರು, ಅರ್ಧ ತಾಸಿನಲ್ಲಿ ಭಾವಮೈದುನ ಬಂದು ಬಹಳ ಮರ್ಯಾದೆಯಿಂದ ಆ ಕೆಲಸವನ್ನು ಬೇರೆಯವರಿಗೆ ಕೊಟ್ಟ. ಹೆಂಡತಿ ಮನೆಯಲ್ಲಿ ಸಂತೆಯ ಚೀಲ ಇಳಿಸಿದೊಡನೆ ನಿಂಬೆಹಣ್ಣನ್ನು ತಾನೇ ಎಣಿಸತೊಡಗಿದಳು. "ನೀವು ಕುಂಡ್ರಿ, ದಣದೀರಿ. ಎಣಿಸೂ ತ್ರಾಸು ನಿಮಗ್ಯಾಕ" ಎನ್ನುವಳು. ಒಟ್ಟಿನಲ್ಲಿ ಆ ಎರಡು ಸಾಲು ಷರಾ ಅಳಿಯಬೇಕು, ಅಳಿಯುವಾಗ ಸಾಹೇಬರು ಎದುರಿಗಿರಬೇಕು. ನನಗೆ ಜೀವನದಲ್ಲಿ ಬೇರೆ ಆಸೆ ಉಳಿದಿರಲಿಲ್ಲ.

ಉಗ್ರಾಣದಲ್ಲಿ ಹಾರೆ, ಗುದ್ದಲಿ, ಬುಟ್ಟಿ, ಗೆದ್ದಲ ಪುಡಿ, ಮತ್ತು ಗೆದ್ದಲ ಪುಡಿ ತೀರಿದ ಚೌಕು ತಗಡಿನ ಡಬ್ಬಿಗಳು ಇದ್ದವು. ಡಬ್ಬಿಗಳೇ ಹೆಚ್ಚು. ಅವು ಗೋಡೆಗುಂಟ ಸೂರಿನ ತನಕ ನಿಂತಿದ್ದವು. ನಿಯಮದ ಪ್ರಕಾರ ಅಲ್ಲಿಂದ ಏನೇ ಹೊರಗೆ ಹೋಗಬೇಕಾದರೂ ಇಂಡೆಂಟ್ ಎಂಬ ಬೇಡಿಕೆ ಚೀಟಿ ಬೇಕು, ಅದರ ಮೇಲೆ ಒಯ್ಯುವ ಅಧಿಕಾರಿಯ ಸಹಿ ಬೇಕು. ಒಂದು ಪ್ರತಿ ಅವರಿಗೆ, ಒಂದು ಪುಸ್ತಕದಲ್ಲಿ, ಒಂದು ತಿಂಗಳ ಕೊನೆಗೆ ಧಾರವಾಡಕ್ಕೆ. ನನಗಿಂತ ಮೊದಲಿದ್ದವರು ಈ ನಿಯಮವನ್ನು ಗೋಡೆಗೆ ಅಂಟಿಸಿ ಮರೆತುಬಿಟ್ಟಿದ್ದರು. ನಾನು ಅದನ್ನು ಜಾರಿಗೆ ತಂದೆ. ಇಂಡೆಂಟ್ ಇಲ್ಲದೆ ಒಂದು ತುಂಡು ಸುತಳಿಯನ್ನೂ ಬಿಡಲಿಲ್ಲ. ಎಣಿಕೆ ಬಾರದವನೆಂದು ಬರೆಸಿಕೊಂಡ ಮೇಲೆ ಎಣಿಕೆಯಲ್ಲಿ ಬಿಗಿಯಾಗಿರುವುದು ನನ್ನ ಧರ್ಮ ಎಂದು ತಿಳಿದೆ. ಗದಗ-ಬೆಟಗೇರಿಯಲ್ಲಿ ನನ್ನಷ್ಟು ಬೈಸಿಕೊಂಡ ಸ್ಟೋರ್ ಕೀಪರ್ ಇನ್ನೊಬ್ಬನಿರಲಾರ.

ವಿಮಾನದ ಸುದ್ದಿ ಬಂದದ್ದು ನಾಲ್ಕನೆಯ ವರ್ಷ. ಎಂಬತ್ತರ ದಶಕ ಅರ್ಧಕ್ಕೆ ಬರುವ ಹೊತ್ತು. ದೂರದ ಊರಿನ ಒಂದು ಸಂಸ್ಥೆಯವರು ವಿಮಾನದೊಳಗೆ ರಡಾರ್ ಕೂರಿಸಿಕೊಂಡು ಬೇರೆ ಬೇರೆ ಜಾತಿಯ ಕಾಡುಗಳ ಮೇಲೆ ಹಾರಿಸಿ, ಮರಗಳ ನೆತ್ತಿಯ ಹಂದರ ಎಲ್ಲಿ ದಟ್ಟ, ಎಲ್ಲಿ ತೆಳುವು ಎಂದು ಮೇಲಿನಿಂದಲೇ ತಿಳಿಯುತ್ತದೆಯೇ ನೋಡುವವರಿದ್ದರು. ಒಣಕಾಡಿನ ಮಾದರಿಗೆ ನಮ್ಮ ಗುಡ್ಡವನ್ನು ಆರಿಸಿದ್ದರು. ನೆಲದ ಮೇಲಿನ ಕೆಲಸಕ್ಕೆಂದು ಒಬ್ಬ ವಿಜ್ಞಾನಿ ಬಂದರು. ಮೈಸೂರು ಕಡೆಯ ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ, ಕಾಲಿಗೆ ಗಂಡಸರ ಬೂಟು. ಸಾಮಾನು ಸರಂಜಾಮು ಒದಗಿಸಿಕೊಡುವ ಕೆಲಸಕ್ಕೆ ಸಾಹೇಬರು ನನ್ನನ್ನು ಹಚ್ಚಿದರು. ಓಡಾಡುವ ಕೆಲಸಕ್ಕೆ ತಲೆ ಬೇಕಿಲ್ಲ ಎಂದು ಎಲ್ಲರೆದುರಿಗೆ ಹೇಳಿಯೇ ಹಚ್ಚಿದರು. ಅದನ್ನೂ ನಾನು ನನ್ನ ಹಗೆಯ ಗಂಟಿನಲ್ಲಿ ಕಟ್ಟಿಟ್ಟುಕೊಂಡೆ.

ಆ ಮೇಡಂ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ರಡಾರ್ ಎಂದರೆ ಫೋಟೋ ತೆಗೆಯುವ ಕ್ಯಾಮರಾ ಅಲ್ಲ. ಅದು ತಾನೇ ಒಂದು ಅಲೆಯನ್ನು ಓರೆಯಾಗಿ ನೆಲಕ್ಕೆ ಎಸೆಯುತ್ತದೆ, ಎಷ್ಟು ವಾಪಸು ಬಂತು ನೋಡುತ್ತದೆ. ಸಪಾಟು ನೆಲಕ್ಕೆ ಬಿದ್ದದ್ದು ಆಚೆಗೆ ಜಾರಿಹೋಗುತ್ತದೆ, ವಾಪಸು ಬರುವುದಿಲ್ಲ. ಚಿತ್ರದಲ್ಲಿ ಆ ಜಾಗ ಕಪ್ಪು. ಎಲೆ, ರೆಂಬೆ, ಕೊಂಬೆಗೆ ಬಿದ್ದದ್ದು ಎಲ್ಲ ದಿಕ್ಕಿಗೂ ಚೆದುರುತ್ತದೆ, ಒಂದಿಷ್ಟು ಮರಳಿ ಬರುತ್ತದೆ; ಆ ಜಾಗ ಬೂದುಬಿಳಿ. ಮೂರು ತಗಡುಗಳನ್ನು ಪೆಟ್ಟಿಗೆಯ ಮೂಲೆಯಂತೆ ಜೋಡಿಸಿಟ್ಟರೆ ಬಂದ ಅಲೆ ಬಂದ ದಾರಿಯಲ್ಲೇ ಪೂರ್ತಿ ವಾಪಸು. ಆ ಜಾಗ ಸುಣ್ಣದ ಚುಕ್ಕೆಯಂತೆ ಹೊಳೆಯುತ್ತದೆ. ಅಂಥ ತಗಡಿನ ಮೂಲೆಗಳು ಮೂರನ್ನು ಗೊತ್ತಿರುವ ಜಾಗದಲ್ಲಿ ಇಟ್ಟರೆ ಚಿತ್ರದಲ್ಲಿ ಯಾವುದು ಎಲ್ಲಿ ಎಂದು ಹಿಡಿಯಬಹುದು. ನಾನು ನಿಧಾನವಾಗಿ ಕೇಳಿಸಿಕೊಂಡೆ. ಕೇಳುತ್ತ ಕೇಳುತ್ತ ಹಸಿವಾಯಿತು.

ಮೂಲೆಗಳನ್ನು ಬೆಟಗೇರಿಯಲ್ಲಿ ಟ್ರಂಕು ಮಾಡುವ ಚಾಚಾ ಒಬ್ಬರಲ್ಲಿ ಮಾಡಿಸಿದೆ. ಅವರು ಮೇಡಂ ಕೊಟ್ಟ ನಕ್ಷೆಯನ್ನು ತಿರುವಿ ಮುರುವಿ ನೋಡಿದರು.

"ಇದರಾಗ ಏನ್ ತುಂಬೂದೈತ್ರಿ?"

"ಏನೂ ಇಲ್ಲ ಚಾಚಾ."

"ಜ್ವಾಳ ಇಲ್ಲ, ಎಣ್ಣಿ ಇಲ್ಲ?"

"ಏನೂ ಇಲ್ಲ. ಗುಡ್ಡದ ಮ್ಯಾಲ ಸುಮ್ನ ಇಡೂದು."

"ಏನೂ ತುಂಬಲಾರದ್ದು ಮಾಡಸಾಕ ಸರ್ಕಾರದವರ ಬರಬೇಕು ನೋಡ್ರಿ" ಎಂದು ಚಾಚಾ ಕತ್ತರಿ ಎತ್ತಿಕೊಂಡರು. ಮೂಲೆಮಟ್ಟ ಇಟ್ಟು ಒಂದು ಕೂದಲಿನಷ್ಟೂ ಓರೆಯಾಗದಂತೆ ಕೂಡಿಸಿದರು. ಕೊನೆಗೆ ಒಂದು ತಂಬಿಗೆ ನೀರು ಹೊಯ್ದು ಸೋರುವುದಿಲ್ಲವೆಂದು ತೋರಿಸಿಯೇ ಕೊಟ್ಟರು. ಸೋರಿದರೂ ಅಡ್ಡಿಯಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಹಂದರ ಅಳೆಯುವ ಕೆಲಸ ಹಳ್ಳದ ದಂಡೆಯ ದಿಂಡಲ ಗಿಡಗಳ ಕೆಳಗೆ ನಡೆಯಿತು. ಮೇಡಂ ಒಂದು ರಟ್ಟಿನ ಕೊಳವೆ ಕೊಟ್ಟಿದ್ದರು, ಅದರ ಬಾಯಿಗೆ ಎರಡು ದಾರ ಅಡ್ಡ-ಉದ್ದ ಕಟ್ಟಿತ್ತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಕೊಳವೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು ನೋಡುವುದು, ದಾರ ಕೂಡಿದಲ್ಲಿ ಎಲೆ ಕಂಡರೆ "ಎಲೆ" ಎನ್ನುವುದು, ಬಯಲು ಕಂಡರೆ "ಆಕಾಶ" ಎನ್ನುವುದು. ನಾನು ಕೂಗುತ್ತಿದ್ದೆ. ಓದುಬರಹ ಬಾರದ ಮುದುಕ ವಾಚರ ಎಲೆಗೊಂದು ಹುಣಸೆಬೀಜ ಬಲಗಡೆಯ ಕಿಸೆಗೆ, ಆಕಾಶಕ್ಕೊಂದು ಹರಳು ಎಡಗಡೆಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಸಂಜೆ ಕಿಸೆ ಬರಿದು ಮಾಡಿ ಎಣಿಸಿದರೆ ಹಂದರದ ದಟ್ಟಣೆ ಸಿಗುತ್ತಿತ್ತು. ಮೇಡಂ ಇದಕ್ಕಿಂತ ಶುದ್ಧವಾದ ಲೆಕ್ಕ ತಾನು ನೋಡಿಲ್ಲ ಎಂದರು. ಆ ಮಾತನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಹಳ್ಳದ ನಂತರ ಅವರು ಹೋಲಿಕೆಗಾಗಿ ಇಲಾಖೆಯ ನೆಡುತೋಪುಗಳ ಪಟ್ಟಿ ಕೇಳಿದರು. ಪಟ್ಟಿಯಲ್ಲಿ ಮೊದಲನೆಯದು, ಎಲ್ಲಕ್ಕಿಂತ ದಟ್ಟವಾದದ್ದು, ಸಾಹೇಬರ ಆ ಇಳಿಜಾರು. ನೆಲದ ಅಳತೆಯನ್ನು ಇಲಾಖೆಯ ವರದಿಯಿಂದಲೇ ತೆಗೆದುಕೊಳ್ಳಿರಿ, ಅಷ್ಟು ದೂರ ನಡೆಯುವ ತ್ರಾಸು ಬೇಡ ಎಂದು ಸಾಹೇಬರು ಮೇಡಂಗೆ ಹೇಳಿದರು. ಅವರಿಗೂ ಸಮಯ ಕಡಿಮೆ ಇತ್ತು, ಒಪ್ಪಿದರು. ಆದರೆ ವಿಮಾನಕ್ಕೆ ನಡೆಯುವ ತ್ರಾಸು ಇರಲಿಲ್ಲ. ಸಾಹೇಬರಿಗೆ ಅದು ಹೊಳೆದದ್ದು ಎರಡು ದಿನ ತಡವಾಗಿ.

ಮೂರನೆಯ ದಿನ ಸಾಹೇಬರ ಜೀಪು ಅವರ ಕಚೇರಿಯಿದ್ದ ಮುಂಡರಗಿಯಿಂದ ಗದಗಕ್ಕೆ ಬಂದು ನನ್ನ ಉಗ್ರಾಣದ ಮುಂದೆ ನಿಂತಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಸಾಹೇಬರು ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

"ಆಕಿ ನಿನಗೆಲ್ಲಾ ಹೇಳ್ಯಾಳಂತಲ್ಲ. ಗಿಡ ಇದ್ದಲ್ಲಿ ಹೆಂಗ ಕಾಣತೈತಿ?"

"ಬೆಳ್ಳಗ ಕಾಣತೈತಂತ್ರಿ."

"ಬಯಲಿದ್ದಲ್ಲಿ?"

"ಕರ್ರಗ."

ಅವರು ಗೋಡೆಗುಂಟ ನಿಂತ ಡಬ್ಬಿಗಳನ್ನು ನೋಡಿದರು. "ಮತ್ತ ಆ ತಗಡು?"

"ತಗಡೂ ಬೆಳ್ಳಗ ಕಾಣತೈತಂತ್ರಿ."

ಇಷ್ಟೇ ನಾನು ಹೇಳಿದ್ದು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ತಗಡಿನ ಬಿಳುಪು ಗಿಡದ ಬಿಳುಪಿಗಿಂತ ಎಷ್ಟೋ ಪಟ್ಟು ಹೆಚ್ಚು, ಎರಡನ್ನೂ ಕುರುಡನೂ ಬೇರೆ ಮಾಡಿಯಾನು ಎಂಬುದನ್ನು ಅವರು ಕೇಳಲಿಲ್ಲ. ಮೇಲಿನವರು ಕೇಳದ್ದನ್ನು ಕೆಳಗಿನವನು ಹೇಳಬಾರದೆಂದು ಅವರೇ ನನಗೆ ಕಲಿಸಿದ್ದರು. ಗುರುವಿನ ಮಾತನ್ನು ನಾನು ಅಷ್ಟು ಭಕ್ತಿಯಿಂದ ಪಾಲಿಸಿದ್ದು ಅದೊಂದೇ ಸಲ.

ಖಾಲಿ ಡಬ್ಬಿ ಎಷ್ಟಿವೆ ಎಂದು ಕೇಳಿದರು. ಹೇಳಿದೆ. ಎಲ್ಲವನ್ನೂ ನಾಳೆ ಗಾಡಿಗೆ ಹೇರಿಸು ಎಂದರು. ನಾನು ಇಂಡೆಂಟ್ ಪುಸ್ತಕ ತೆಗೆದು ಅವರ ಮುಂದಿಟ್ಟು, ಪೆನ್ನಿನ ಮುಚ್ಚಳ ಬಿಚ್ಚಿ ಕೊಟ್ಟೆ.

"ಖಾಲಿ ಡಬ್ಬಿಗೂ ಇಂಡೆಂಟ್ ಏನಪಾ?"

"ಎಣಿಕಿ ಬಾರದಾವ ನಾ. ಬರದಿಡಲಿಲ್ಲಂದ್ರ ತಪ್ಪತೈತ್ರಿ ಸಾಹೇಬ್ರ."

ಅವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ದಡ್ಡತನ ಬಿಟ್ಟು ಬೇರೇನೂ ಇರದಂತೆ ನೋಡಿಕೊಂಡಿದ್ದೆ. ನಾಲ್ಕು ವರ್ಷ ಕನ್ನಡಿಯ ಮುಂದೆ ರೂಢಿ ಮಾಡಿಕೊಂಡ ಮುಖ ಅದು. ಉದ್ದೇಶ ಎಂಬ ಕಲಮಿನಲ್ಲಿ ಅವರು ಆ ನೆಡುತೋಪಿನ ಹೆಸರು ಬರೆದು, ಅದರ ಉಪಯೋಗಕ್ಕೆ ಎಂದು ಸೇರಿಸಿ, ಸಹಿ ಮಾಡಿದರು. ಸಹಿ ಯಾವಾಗಿನಂತೆ ದೊಡ್ಡದಾಗಿತ್ತು.

ಗಾಡಿಯೊಂದಿಗೆ ಬಂದವನು ಡೋಣಿಯ ಮುದುಕ ವಾಚರ. ಡಬ್ಬಿಗಳ ಬೆಟ್ಟ ನೋಡಿ, ಇವನ್ನು ಎಲ್ಲಿಗೆ ಒಯ್ಯುವುದು ಎಂದು ಕೇಳಿದ. ಗುಡ್ಡಕ್ಕೆ, ಬಿತ್ತಲಿಕ್ಕೆ ಎಂದೆ.

"ಡಬ್ಬಿ ಬಿತ್ತಿದ್ರ ಏನ್ ಬೆಳೀತೈತ್ರಿ?"

"ವರ್ಗಾವಣಿ."

ಅವನು ನಗಲಿಲ್ಲ. ಬಡವರು ಇಂಥ ಮಾತಿಗೆ ಯಾರ ವರ್ಗಾವಣೆ ಎಂದು ತಿಳಿಯುವ ತನಕ ನಗುವುದಿಲ್ಲ. ಒಯ್ದವರ ಹೆಸರಿನ ಮುಂದೆ 'ಸಾಹೇಬರ ಆಜ್ಞೆಯಂತೆ' ಎಂದು ಬರೆದು, ಅದನ್ನು ಅವನಿಗೆ ಓದಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಆಗ ಸ್ವಲ್ಪ ನಕ್ಕ.

ಸಾಹೇಬರು ದಡ್ಡರಾಗಿರಲಿಲ್ಲ, ಶಿಸ್ತಿನ ಮನುಷ್ಯ. ಶಿಸ್ತೇ ಅವರನ್ನು ಕೆಡಿಸಿತು. ವರದಿಯಲ್ಲಿ ಗಿಡಗಳ ನಡುವೆ ಎಷ್ಟು ಅಂತರ ಬರೆದಿತ್ತೋ ಅಷ್ಟೇ ಅಂತರಕ್ಕೆ, ಹಳೆಯ ಕುಣಿಗೊಂದರಂತೆ, ಹಗ್ಗ ಹಿಡಿದು ಸಾಲು ನೋಡಿ ಡಬ್ಬಿ ಇಡಿಸಿದರು. ಗಾಳಿಗೆ ಹಾರಬಾರದೆಂದು ಮುಚ್ಚಳದ ಕಡೆಯನ್ನು ಕತ್ತರಿಸಿ ಒಳಗೊಂದು ಕಲ್ಲು ಹಾಕಿ, ತೆರೆದ ಬಾಯಿ ಓರೆಯಾಗಿ ಮೇಲೆ ಉಳಿಯುವಂತೆ ಅರ್ಧ ಹೂಳಿಸಿದರು. ಬಾಯಿ ತೆರೆದ ಚೌಕು ಡಬ್ಬಿಗೆ ಒಳಗೆ ನಾಲ್ಕು ಮೂಲೆ. ಚಾಚಾ ಬೆವರು ಸುರಿಸಿ ಮೂರು ಮಾಡಿದ್ದರು. ಸಾಹೇಬರು ಒಂದೇ ದಿನದಲ್ಲಿ ಗುಡ್ಡ ತುಂಬ ಮಾಡಿಸಿದರು. ಆ ರಾತ್ರಿಯಿಂದ ಗುಡ್ಡ ಊಳಿಡತೊಡಗಿತಂತೆ. ತೆರೆದ ಡಬ್ಬಿಗಳ ಬಾಯಿಯ ಮೇಲೆ ಗಾಳಿ ಹಾದು ಎದ್ದ ಸದ್ದು. ಕುರಿಯವರು ಆ ದಿಕ್ಕಿಗೆ ಹೋಗುವುದನ್ನೇ ಬಿಟ್ಟರೆಂದು ವಾಚರ ಬಂದು ಹೇಳಿದ. ನೆಟ್ಟಾಗಿನಿಂದ ಆ ನೆಡುತೋಪಿಗೆ ಸಿಕ್ಕ ಮೊದಲ ರಕ್ಷಣೆ ಅದು.

ವಿಮಾನ ಬಂದ ದಿನ ಡೋಣಿಯ ಹೊಲಗಳಲ್ಲಿ ಸುತ್ತಲಿನ ಊರ ಜನ ನೆರೆದಿದ್ದರು. ಮೇಲಿನಿಂದ ಏನಾದರೂ ಬೀಳುತ್ತದೆಂದು ಅವರ ಆಸೆ. ಏನೂ ಬೀಳಲಿಲ್ಲ. ವಿಮಾನ ನೆಟ್ಟಗೆ ಹೋಯಿತು, ತಿರುಗಿ ನೆಟ್ಟಗೆ ಬಂತು, ಹೀಗೆ ಮೂರು ಸಲ ಹೊಲದಲ್ಲಿ ನೇಗಿಲಿನ ಗಳೇ ಹೊಡೆದಂತೆ ಮಾಡಿ ಹೊರಟುಹೋಯಿತು. ಪ್ರತಿ ಸಲವೂ ಸಾಹೇಬರು ಇಸ್ತ್ರಿಯ ಸಮವಸ್ತ್ರದಲ್ಲಿ ಎದ್ದು ನಿಂತರು. ಮೇಡಂ ತಮ್ಮ ಮೂರು ಮೂಲೆಗಳ ಓರೆಯನ್ನು ಸರಿಪಡಿಸುವುದರಲ್ಲಿದ್ದರು, ಬೇರೆಡೆ ನೋಡಲಿಲ್ಲ. ಹೇಳಬೇಕೆಂದರೆ ನಾನು ಹೇಳಬಹುದಿತ್ತು. ಅವರೂ ಕೇಳಲಿಲ್ಲ.

ಮರುದಿನವೇ ಸಾಹೇಬರು ಡಬ್ಬಿ ಕೀಳಿಸಿದರು. ಉಗ್ರಾಣಕ್ಕೆ ಮರಳಿಸುವ ಗಾಡಿ ಖರ್ಚು ಯಾರು ಕೊಡಬೇಕೆಂದು ಅಲ್ಲಿಯೇ ಹಳ್ಳಕ್ಕೆ ಎಸೆಯಲು ಹೇಳಿದರು. ಡೋಣಿಯ ಹೆಣ್ಣುಮಕ್ಕಳು ವಾರದೊಳಗೆ ಒಂದನ್ನೂ ಬಿಡದೆ ಮನೆಗೆ ಒಯ್ದು ಅವುಗಳಲ್ಲಿ ನೀರು ತುಂಬಿದರು, ಕೋಳಿ ಕೂಡಿದರು, ತುಳಸಿ ಹಚ್ಚಿದರು. ಡಬ್ಬಿ ಮರಳಿ ಬಂದಿಲ್ಲವೆಂದು ನಾನು ನಿಯಮದ ಪ್ರಕಾರ ತಿಂಗಳಿಗೊಂದು ಜ್ಞಾಪನ ಪತ್ರ ಬರೆಯುತ್ತ ಹೋದೆ, ಮೂಲ ಸಾಹೇಬರಿಗೆ, ಪ್ರತಿ ದೊಡ್ಡ ಸಾಹೇಬರಿಗೆ. ಯಾರೂ ಉತ್ತರ ಕೊಡಲಿಲ್ಲ. ನಾನು ಉತ್ತರಕ್ಕಾಗಿ ಬರೆದಿರಲಿಲ್ಲ.

ಚಿತ್ರ ಸಿದ್ಧವಾಗಿ ಬರಲು ಹಲವು ತಿಂಗಳು ಹಿಡಿಯಿತು. ಮೇಡಂ ಅದನ್ನು ತಂದು ಗದಗದ ಕಚೇರಿಯ ಮೇಜಿನ ಮೇಲೆ ಹಾಸಿದಾಗ ಧಾರವಾಡದಿಂದ ದೊಡ್ಡ ಸಾಹೇಬರೂ ಬಂದಿದ್ದರು. ಚಿತ್ರದ ಮೂಲೆ ಹಾರದಂತೆ ಹಿಡಿಯುವುದು ನನ್ನ ಪಾಲಿನ ಕೆಲಸ. ಕಪ್ಪು-ಬಿಳುಪಿನ ಉದ್ದನೆಯ ಪಟ್ಟಿ. ಇದು ಹಳ್ಳ, ಇವು ದಿಂಡಲದ ಹಂದರ, ನೋಡಿ ಎಷ್ಟು ಮೆತ್ತಗೆ ಬೂದುಬಣ್ಣ; ಇದು ಬಯಲು; ಇವು ನಾವಿಟ್ಟ ಮೂರು ಚುಕ್ಕೆ. ಹೀಗೆ ತೋರಿಸುತ್ತ ಬಂದ ಅವರ ಬೆರಳು ಒಂದು ಕಡೆ ನಿಂತಿತು. ಅಲ್ಲಿ ಸಾಲುಸಾಲಾಗಿ ಬಿಳಿಚುಕ್ಕೆ, ಹೆಂಚು ಹೊದಿಸಿದಷ್ಟು ಅಚ್ಚುಕಟ್ಟು.

"ಇಲ್ಲಿ ಯಾವ ಊರಿದೆ?" ಎಂದು ಕೇಳಿದರು.

ಅವರು ಚಿತ್ರದ ಇನ್ನೊಂದು ತುದಿಯಲ್ಲಿದ್ದ ಮುಂಡರಗಿಯನ್ನು ತೋರಿಸಿ, ಇದು ಅದಕ್ಕಿಂತ ಹೆಚ್ಚು ಹೊಳೆಯುತ್ತಿದೆ, ಮನೆಗಳೂ ನೇರ ಸಾಲಿನಲ್ಲಿವೆ, ಆದರೆ ನಕ್ಷೆಯಲ್ಲಿ ಊರೇ ಇಲ್ಲ ಎಂದರು. ಸಾಹೇಬರು, ಅದು ತಮ್ಮ ನೆಡುತೋಪು, ಬಹಳ ದಟ್ಟವಾಗಿದೆ ಎಂದರು. ಮೇಡಂ ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿದರು. "ಹಾಗಿದ್ದರೆ ಈ ಮರಗಳು ತಗಡಿನವು" ಎಂದರು. ವ್ಯಂಗ್ಯವಿರಲಿಲ್ಲ, ಅವರಿಗೆ ವ್ಯಂಗ್ಯ ಬರುತ್ತಿರಲಿಲ್ಲ, ವಿಜ್ಞಾನ ಬರುತ್ತಿತ್ತು. ದೊಡ್ಡ ಸಾಹೇಬರು, ನಾಳೆ ಬೆಳಿಗ್ಗೆ ಎಲ್ಲರೂ ಹೋಗಿ ನೋಡೋಣ ಎಂದರು. ನಾನು ಚಿತ್ರದ ಮೂಲೆ ಬಿಡಲಿಲ್ಲ, ಮುಖವನ್ನೂ ಎತ್ತಲಿಲ್ಲ. ಎತ್ತಿದ್ದರೆ ನಾಲ್ಕು ವರ್ಷದ ಅಭ್ಯಾಸ ಒಂದು ಕ್ಷಣದಲ್ಲಿ ವ್ಯರ್ಥವಾಗುತ್ತಿತ್ತು.

ಆ ಸಂಜೆ ಸಾಹೇಬರು ನಡೆದುಕೊಂಡು ನಮ್ಮ ಮನೆಗೆ ಬಂದರು. ನನ್ನ ಹೆಂಡತಿಯನ್ನು ತಂಗೆವ್ವ ಎಂದರು. ಅವಳು ಚಹಾ ಕೊಟ್ಟು ಒಳಗೆ ಹೋಗಿ ಬಾಗಿಲಿನ ಹಿಂದೆ ನಿಂತಳು. ಬಳೆ ಸದ್ದಾಗದಂತೆ ನಿಂತಳು.

ಸಾಹೇಬರು ಸುತ್ತು ಬಳಸಲಿಲ್ಲ. ಗುಡ್ಡದಲ್ಲಿ ಗಿಡ ಇಲ್ಲ, ಜನ ಕಡಿದರು ಎಂದರೆ ಮುಗಿಯಿತು. ಹೊಳೆದದ್ದು ಏನೋ ಯಂತ್ರದ ದೋಷ ಎಂದರೆ ಮುಗಿಯಿತು. ಉಳಿದದ್ದು ಆ ಇಂಡೆಂಟ್ ಒಂದೇ. ಧಾರವಾಡದ ಪ್ರತಿಯನ್ನು ಅಲ್ಲಿನ ಗುಮಾಸ್ತರ ಕಡೆಯಿಂದ ನೋಡಿಕೊಳ್ಳುತ್ತೇನೆ ಎಂದರು.

"ನಿನ್ನ ಪುಸ್ತಕದಾಗಿನ ಒಂದು ಹಾಳಿ. ಒಂದ ಹಾಳಿ ಹರದ್ ಕೊಡಪಾ. ನಿನ್ನ ಷರಾ ನಾಳಿನ ಹೊಡದ್ ಹಾಕಸ್ತೀನಿ."

ನನಗೆ ಬೇಕಾಗಿದ್ದದ್ದು ಅದೇ. ಷರಾ ಅಳಿಯುವುದು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ನನ್ನದೇ ಕುರ್ಚಿಯ ಮೇಲೆ, ನನ್ನದೇ ಕಪ್ಪಿನಲ್ಲಿ ಚಹಾ ಕುಡಿಯುತ್ತ ಕೂತಿತ್ತು. ಆ ಕ್ಷಣದಲ್ಲಿ ಅಪ್ಪನ ನೆನಪಾಯಿತು, ಬಡ್ತಿಯ ನೆನಪಾಯಿತು, ಮಕ್ಕಳ ನೆನಪೂ ಆಯಿತು ಎಂದು ಬರೆದರೆ ಓದುವವರಿಗೆ ಸಂತೋಷವಾದೀತು. ನನಗೆ ನೆನಪಾದದ್ದು ಸತ್ತುಹೋದ ಆ ಚಪ್ಪಲಿಗಳು. ಒಂಬತ್ತು ದಿನ ಹತ್ತಿದ ಗುಡ್ಡವನ್ನು ಹತ್ತಲೇ ಇಲ್ಲ ಎಂದು ಬರೆದ ಕೈಯಿಂದಲೇ ಷರಾ ತೆಗೆಸಿಕೊಂಡರೆ ಅದು ಆ ಕೈಯ ಉಪಕಾರವಾಗುತ್ತಿತ್ತು. ಉಪಕಾರ ಮಾಡುವ ಸುಖವನ್ನು ಅವರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

"ಪುಸ್ತಕದಾಗಿನ ಹಾಳಿ ಹರದ್ರ ನಂಬರ್ ತಪ್ಪತಾವ್ರಿ ಸಾಹೇಬ್ರ. ಮೊದಲ ನನಗ ಎಣಿಕಿ ಬರೂದಿಲ್ಲ."

ಅವರು ಕಪ್ಪು ಕೆಳಗಿಟ್ಟು ಎದ್ದರು. ಬಾಗಿಲ ತನಕ ಕಳಿಸಿ ಬಂದೆ. ನಾನು ಒಳಗೆ ಬಂದಾಗ ಹೆಂಡತಿ ಕಪ್ಪು ತೊಳೆಯುತ್ತಿದ್ದಳು. "ಇನ್ನ ಸಂತಿಗೆ ಹೋದ್ರ ನಿಂಬಿಹಣ್ಣು ನೀವ ಎಣಿಸಿ ತರ್ರಿ" ಎಂದಳು.

ಮರುದಿನ ಗುಡ್ಡ ಹತ್ತಿದೆವು. ದಾರಿ ತೋರಿಸಲು ನಾನು ಮುಂದೆ. ಸಾಹೇಬರು ಆ ಇಳಿಜಾರಿಗೆ ನಡೆದು ಬಂದು ಬಹಳ ವರ್ಷವಾಗಿತ್ತೆಂದು ಅವರ ಉಸಿರಿನಿಂದಲೇ ತಿಳಿಯುತ್ತಿತ್ತು. ನಾನು ವೇಗ ಕಡಿಮೆ ಮಾಡಲಿಲ್ಲ. ನಿಂತು ದಣಿವಾರಿಸಿಕೊಳ್ಳಬಹುದಾದ ನೆರಳಿನ ಎರಡು ಜಾಗ ನನಗೆ ಗೊತ್ತಿದ್ದವು. ಎರಡನ್ನೂ ಬಿಟ್ಟು ಬಿಸಿಲಿನ ದಾರಿ ಹಿಡಿದೆ.

ಮೇಲೆ ಹೋಗಿ ನೋಡಿದರೆ ಅಲ್ಲೊಂದು ಇಲ್ಲೊಂದು ಕುರುಚಲು ಬಿಟ್ಟರೆ ಗಿಡವೂ ಇಲ್ಲ, ಡಬ್ಬಿಯೂ ಇಲ್ಲ, ಸಾಲುಸಾಲು ಕುಣಿ. ಸಾಹೇಬರು ಜನ ಕಡಿದರು ಎಂದು ಆರಂಭಿಸಿದರು. ಬೊಡ್ಡೆ ಎಲ್ಲಿ ಎಂದು ದೊಡ್ಡ ಸಾಹೇಬರು ಕೇಳಿದರು. ಮೇಡಂ ಅಷ್ಟರಲ್ಲಿ ಚೀಲದಿಂದ ಕೊಳವೆ ತೆಗೆದು, ತಮ್ಮ ಕೆಲಸವೆಂಬಂತೆ ಹತ್ತು ಹೆಜ್ಜೆಗೊಮ್ಮೆ ನಿಂತು ನೋಡತೊಡಗಿದ್ದರು. ದೊಡ್ಡ ಸಾಹೇಬರು ಕುತೂಹಲದಿಂದ ಅದನ್ನು ಇಸಿದುಕೊಂಡು ತಾವೇ ಕಣ್ಣಿಗೆ ಹಿಡಿದರು.

"ಆಕಾಶ" ಎಂದರು. ಹತ್ತು ಹೆಜ್ಜೆ ನಡೆದರು. "ಆಕಾಶ." ಮತ್ತೆ ಹತ್ತು. "ಆಕಾಶ." ಮುದುಕ ವಾಚರ ಹೇಳದೆಯೇ ಹಿಂದೆ ಹಿಂದೆ ನಡೆದು ಎಡಗಡೆಯ ಕಿಸೆಗೆ ಹರಳು ಹಾಕಿಕೊಳ್ಳುತ್ತಿದ್ದ. ಇಳಿಜಾರಿನ ಈ ತುದಿಯಿಂದ ಆ ತುದಿಯವರೆಗೆ ಆ ಒಂದೇ ಮಾತು. ಅದನ್ನು ಕೇಳುತ್ತ ಸಾಹೇಬರು ನಿಂತಿದ್ದರು; ಅವರನ್ನು ನೋಡುತ್ತ ನಾನು ನಿಂತಿದ್ದೆ. ಸಂಗೀತ ನನಗೆ ತಿಳಿಯುವುದಿಲ್ಲ, ಆದರೆ ಆ ದಿನ ಅದರ ರುಚಿ ಏನೆಂದು ಅರ್ಥವಾಯಿತು.

ಆ ತುದಿಯ ಹತ್ತಿರ ದೊಡ್ಡ ಸಾಹೇಬರು ಒಂದು ಕಲ್ಲಿನ ಮುಂದೆ ನಿಂತರು. ಕೆಂಪು ಬಣ್ಣ ಮಾಸಿತ್ತು, ನಂಬರು ಕಾಣುತ್ತಿತ್ತು. ಇದು ಯಾರು ಬರೆದದ್ದು ಎಂದು ಕೇಳಿದರು. ಕೇಳಿದ್ದರಿಂದ ಹೇಳಿದೆ. ಆಮೇಲೆ ಡಬ್ಬಿಗಳ ಜ್ಞಾಪನ ಪತ್ರದ ಪ್ರತಿಗಳು ತಮ್ಮ ಮೇಜಿನ ಮೇಲೆ ಯಾಕೆ ಬಂದು ಬೀಳುತ್ತಿದ್ದವೆಂದು ಕೇಳಿದರು. ಅದನ್ನೂ ಹೇಳಿ, ಇಂಡೆಂಟ್ ಪುಸ್ತಕ ತೆರೆದು ಹಿಡಿದೆ. ಅದನ್ನು ನಾನು ಗದಗದಿಂದಲೇ ಬಗಲಲ್ಲಿ ಇಟ್ಟುಕೊಂಡು ಗುಡ್ಡ ಹತ್ತಿದ್ದೆ. ಅವರು ಸಹಿಯನ್ನು ಓದಿದರು, ಸಾಹೇಬರನ್ನು ನೋಡಿದರು, ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. ಬೈದಿದ್ದರೆ ನನಗೆ ಇನ್ನೂ ಚೆನ್ನಾಗಿರುತ್ತಿತ್ತು.

ಗಿಡಗಳನ್ನು ಮತ್ತೆ ಎಣಿಸಿದರು. ಮೂವತ್ತೆಂಟು ಸಿಕ್ಕವು; ಉಳಿದ ಮೂರು ಒಣಗಿ ನನ್ನ ನಂಬರಿನ ಪಕ್ಕದಲ್ಲೇ ನಿಂತಿದ್ದವು.

ವಿಚಾರಣೆ ಆರು ತಿಂಗಳು ನಡೆಯಿತು. ಸಾಹೇಬರ ಒಂದು ಬಡ್ತಿಯನ್ನು ತಡೆಹಿಡಿದು ಅವರನ್ನು ಬೇರೆ ಜಿಲ್ಲೆಗೆ ವರ್ಗ ಮಾಡಿದರು. ಅವರು ಹೊರಡುವ ಮೊದಲೇ ನನ್ನ ಷರಾವನ್ನು ದೊಡ್ಡ ಸಾಹೇಬರು ಒಂದು ಗೆರೆ ಎಳೆದು ರದ್ದು ಮಾಡಿದರು. ಎದುರಿಗಿರಬೇಕಾಗಿದ್ದ ರೇಂಜ್ ಸಾಹೇಬರು ಆ ದಿನ ರಜೆಯ ಮೇಲಿದ್ದರು.